ಅಪ್ಪ ಬ್ಯಾಡ ಅಂದ ದೋಸೆ

ಮನೆಯವರನ್ನೆಲ್ಲ ಹೋಟೆಲಿಗೆ ಕರೆದುಕೊಂಡು ಹೋಗುವ ಅಭ್ಯಾಸ ನಮ್ಮ ಮನೆಯಲ್ಲಿ ಶುರು ಮಾಡಿದವನು ನಾನು. ಅದಕ್ಕೂ ಮುಂಚೆ ಹೋಟೆಲೆಂದರೆ ಸಂತೆಗೆ ಹೋದ ಗಂಡಸರು ನಿಂತು ಟೀ ಕುಡಿಯುವ ಜಾಗ, ಅಷ್ಟೇ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಅಪ್ಪನ ಹಿಂದೆ ಹೊಲಕ್ಕಿಳಿದವನು ನಾನು. ತೊಂಬತ್ತರ ದಶಕದ ಶುರುವಿನಲ್ಲಿ ಸ್ವಂತ ಟ್ರಾಕ್ಟರು ತಂದೆ. ಸೀಜನ್ನಿನಲ್ಲಿ ಕಬ್ಬು, ಉಳಿದ ದಿನ ಇಟ್ಟಿಗೆ, ಗೊಬ್ಬರ, ಸಿಕ್ಕಿದ್ದನ್ನು ಹೊಡೆದೆ. ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ ಎಲ್ಲ ಕಡೆಗೂ ಬಾಡಿಗೆ ಇರುತ್ತಿತ್ತು. ಯಾವ ಊರಿನ ಯಾವ ಹೋಟೆಲಲ್ಲಿ ಚಟ್ನಿ ಗಟ್ಟಿ, ಯಾವುದರಲ್ಲಿ ನೀರು ಅನ್ನುವುದು ನನಗೆ ಬಾಯಿಪಾಠ.

ನನಗಿದ್ದದ್ದು ಒಂದೇ ಆಸೆ. ಅಪ್ಪ ಹೊಟ್ಟೆ ತುಂಬ ತಿಂದು, ಚೆನ್ನಾಗಿತ್ತು ಕಣ್ಲಾ ಅನ್ನಬೇಕು. ಟ್ರಾಕ್ಟರು ತಂದ ದಿನವೂ ಅಪ್ಪ ಟೈರು ಮುಟ್ಟಿ ನೋಡಿ ಸುಮ್ಮನೆ ದನದ ಕೊಟ್ಟಿಗೆಗೆ ಹೋಗಿದ್ದ. ಟ್ರಾಕ್ಟರಿನ ಬಗ್ಗೆ ಆಡದಿದ್ದ ಮಾತನ್ನು ದೋಸೆಯ ಬಗ್ಗೆಯಾದರೂ ಆಡಲಿ ಅಂತ ನನ್ನ ಲೆಕ್ಕ.

ಒಂದು ಶ್ರಾವಣ ಶನಿವಾರ ಟ್ರೈಲರಿಗೆ ಚಾಪೆ ಹಾಸಿ ಅಪ್ಪ, ಅವ್ವ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಕರಿಘಟ್ಟಕ್ಕೆ ಹೋದೆ. ಬೆಟ್ಟ ಇಳಿದ ಮೇಲೆ ಶ್ರೀರಂಗಪಟ್ಟಣದಲ್ಲಿ ಹೊಸದಾಗಿ ಆಗಿದ್ದ ಹೋಟೆಲು. ಫ್ಯಾಮಿಲಿ ರೂಮು, ಬಾಗಿಲಿಗೆ ಪರದೆ, ತಲೆ ಮೇಲೆ ಫ್ಯಾನು. ಅಪ್ಪ ಪರದೆಯ ಹೊರಗೇ ಮೆಟ್ಟು ಬಿಟ್ಟು ಒಳಗೆ ಬಂದ.

ಸಪ್ಲೈಯರು ನೀರು ಇಟ್ಟು, “ಏನ್ ಕೊಡ್ಲಿ ಯಜಮಾನ್ರೇ?” ಅಂದ.

“ನಿಂದು ತಿಂಡಿ ಆಯ್ತೇನಪ್ಪಾ?” ಅಂದ ಅಪ್ಪ.

ಹುಡುಗಿಯರು ಕಿಸಕ್ಕನೆ ನಕ್ಕರು. ಸಪ್ಲೈಯರಿಗೂ ನಗು ಬಂತು. “ನಮ್ದೇನ್ ಬುಡಿ, ನಿಮ್ದೇಳಿ.”

ನಾನೇ ಎಲ್ಲರಿಗೂ ಮಸಾಲೆ ದೋಸೆ ಹೇಳಿದೆ. ಅಪ್ಪ ಚಟ್ನಿಯನ್ನೂ ಬಿಡದೆ ತಟ್ಟೆ ಬಳಿದ. ಸಪ್ಲೈಯರು, “ಇನ್ನೊಂದ್ ಕೊಡ್ಲಾ?” ಅಂದ. ಅಪ್ಪ ಅಂಗೈಯನ್ನು ತಟ್ಟೆಯ ಮೇಲೆ ಅಡ್ಡ ಹಿಡಿದು, “ಬ್ಯಾಡ ಬ್ಯಾಡ” ಅಂದ. ಅವನು ಸರಿ ಅಂತ ಹೋದ. ನಾನು ಹಿಂದೆಯೇ ಕಾಫಿಗೆ ಕೂಗಿದೆ. ಅಪ್ಪನ ಕೈ ಇನ್ನೂ ಸ್ವಲ್ಪ ಹೊತ್ತು ಹಾಗೇ ತಟ್ಟೆಯ ಮೇಲಿತ್ತು.

ಹೊರಡುವಾಗ ಗಲ್ಲಾದಲ್ಲಿ ಕೂತಿದ್ದವರಿಗೆ ಕೈ ಮುಗಿದು, “ಬತ್ತೀವಿ ಸ್ವಾಮಿ. ನೀವೂ ಒಂದ್ಸತಿ ನಮ್ಮೂರ್ ಕಡಿಕೆ ಬನ್ನಿ” ಅಂದ. ನಾನು ನಾಚಿಕೆಯಿಂದ ಹಿಡಿಯಷ್ಟಾದೆ.

ಮನೆಗೆ ಬಂದು ಕಾಲು ತೊಳೆದದ್ದೇ ಅಪ್ಪ ಕೇಳಿದ್ದು: “ಅಮ್ಮೀ, ಇಟ್ಟು ಐತಾ?”

ಅವ್ವ ಬೆಳಗಿನ ಮುದ್ದೆಗೆ ಸಾರು ಬಿಟ್ಟು ಕೊಟ್ಟಳು. ನನಗೆ ತಡೆಯಲಿಲ್ಲ. “ಫ್ಯಾನ್ ಕೆಳಗೆ ಕೂರ್ಸಿ ತಿನ್ಸುದ್ರೆ ಬಂದು ತಂಗ್ಳು ಮುದ್ದೆ ಉಣ್ತೀಯಲ್ಲಪ್ಪ!”

“ಇಟ್ಟು ಉಂಡ ಬಾಯಿ ಕಣ್ಲಾ. ಸುಮ್ಕಿರು.”

ಪ್ರತಿ ಸಲವೂ ಇದೇ ಆಯಿತು. ಪಾಂಡವಪುರದಲ್ಲಿ ಇಡ್ಲಿ ತಿಂದು ಬಂದಾಗಲೂ ಇಟ್ಟು, ಕೆ.ಆರ್. ಪೇಟೆಯಲ್ಲಿ ಊಟ ಮಾಡಿ ಬಂದಾಗಲೂ ಇಟ್ಟು. ನಾಗಮಂಗಲದ ಒಂದು ಹೋಟೆಲು ಮಾತ್ರ ಬೇರೆ. ಬಸ್ ಸ್ಟ್ಯಾಂಡಿನ ಹಿಂದೆ ಮಸಿ ಹಿಡಿದ ಗೋಡೆಯ ಸಣ್ಣ ಜಾಗ. ಫ್ಯಾನಿಲ್ಲ, ಪರದೆಯಿಲ್ಲ, ಉದ್ದ ಬೆಂಚು. ವಯಸ್ಸಾದ ಮಾಲೀಕರೇ ದೋಸೆ ತಂದು ಹಾಕುತ್ತಿದ್ದರು. ಅಪ್ಪ ಕೈ ಅಡ್ಡ ಹಿಡಿದರೆ, “ಬ್ಯಾಡ ಅಂದ್ರೆ ಬುಟ್ಬುಡ್ತೀನಾ ಗೌಡ? ತೆಗಿ ಕೈಯ” ಎಂದು ಗದರಿ, ಕೈ ಸರಿಸಿ ಎರಡನೆಯದನ್ನು ತಟ್ಟೆಗೆ ಇಳಿಸಿಯೇ ಬಿಡುತ್ತಿದ್ದರು. ಅಪ್ಪ ನಾಚಿಕೊಂಡವನ ಹಾಗೆ ನಕ್ಕು ಅದನ್ನೂ ತಿನ್ನುತ್ತಿದ್ದ. ಆವತ್ತು ಮನೆಗೆ ಬಂದು ಇಟ್ಟು ಕೇಳುತ್ತಿರಲಿಲ್ಲ.

ಇದನ್ನು ನೋಡಿ ನಾನು ತಿಳಿದುಕೊಂಡದ್ದೇ ಬೇರೆ. ಅಪ್ಪನಿಗೆ ಮಸಿ ಗೋಡೆ, ಬೆಂಚೇ ಸರಿ. ನಾನು ಮೈ ಮುರಿದು ದುಡಿದು ತೋರಿಸುವ ಫ್ಯಾನು, ಪರದೆ ಅವನ ಕಣ್ಣಿಗೆ ಹಿಡಿಸುವುದಿಲ್ಲ. ಹಾಗಂತ ಮನಸ್ಸಿನಲ್ಲಿ ಕೂತುಬಿಟ್ಟಿತು. ಕೆ.ಆರ್. ಪೇಟೆಯಿಂದ ಬಂದ ಒಂದು ಸಂಜೆ ಅಪ್ಪ ಮತ್ತೆ ಇಟ್ಟು ಕೇಳಿದಾಗ, “ಇನ್ಮೇಲೆ ನಿನ್ನ ಓಟ್ಲಿಗೆ ಕರ್ಕಂಡೋದ್ರೆ ಕೇಳು” ಅಂದೆ.

ಅಪ್ಪ ಮುದ್ದೆ ಮುರಿಯುತ್ತ, “ಬುಡ್ಲಾ ಅತ್ಲಾಗೆ. ಮಕ್ಕಳ್ನ ಕರ್ಕಂಡೋಗು, ನಾನು ದನ ನೋಡ್ಕತೀನಿ” ಅಂದ.

ಆಮೇಲೆ ಅವನು ಬರಲಿಲ್ಲ. ನಾವು ಹೊರಟಾಗ ಜಗುಲಿಯಲ್ಲಿ ಕೂತು ಟ್ರಾಕ್ಟರು ತಿರುವು ದಾಟುವ ತನಕ ನೋಡುತ್ತಿದ್ದ. ಪಾರ್ಸಲ್ ತರಲಾ ಅಂತ ಕೇಳುತ್ತಿದ್ದೆ. ಬ್ಯಾಡ ಅನ್ನುತ್ತಿದ್ದ. ನಾನು ತರುತ್ತಿರಲಿಲ್ಲ.

ಹಾಗೇ ಒಂದೆರಡು ವರ್ಷ ಕಳೆಯಿತು. ಒಂದು ಬೇಸಿಗೆ ಅಪ್ಪ ಹೋದ.

ಆ ವರ್ಷ ಮಹಾಲಯ ಅಮಾವಾಸ್ಯೆಗೆ ಅಪ್ಪನಿಗೆ ಮೊದಲ ಎಡೆ. ಹೋದವರಿಗೆ ಏನು ಇಷ್ಟವೋ ಅದನ್ನೆಲ್ಲ ಎಲೆಗೆ ಬಡಿಸಿ, ಅವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಹೊರಗೆ ಬರುವುದು ನಮ್ಮ ಕಡೆಯ ಪದ್ಧತಿ. ಬಾಡಿನ ಸಾರು, ಮುದ್ದೆ, ಬೀಡಿ ಕಟ್ಟು, ಹೊಸ ಪಂಚೆ ಎಲ್ಲ ಆಯಿತು. ಇನ್ನೇನು ಬೇಕು ಅಂದೆ. ಅವ್ವ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು.

“ಮಸಾಲೆ ದೋಸೆ ತತ್ತಾ, ಮಗ.”

“ಅಪ್ಪಂಗೆ ಓಟ್ಲು ತಿಂಡಿ ಎಲ್ಲವ್ವ ಸೇರ್ತಿತ್ತು?”

“ಯಾರ್ಲಾ ಅಂಗಂದೋರು? ದೋಸೆ ಅಂದ್ರೆ ಪ್ರಾಣ ಬುಡ್ತಿದ್ದ.”

“ಮತ್ತೆ ಮನೇಗ್ ಬಂದು ಇಟ್ಟು ಕೇಳ್ತಿದ್ನಲ್ಲ?”

“ಅಸ್ಕಂಡಿದ್ರೆ ಕೇಳ್ದೆ ಇನ್ನೇನ್ ಮಾಡ್ತಾನೆ?” ಅವ್ವ ತಲೆ ಎತ್ತಲಿಲ್ಲ. “ಮೂರ್ ಸತಿ ಬಲವಂತ ಮಾಡ್ದೆ ನಿಮ್ಮಪ್ಪ ಯಾವತ್ತಾರ ಕೈ ತೆಗ್ದವ್ನಾ? ಮೊದ್ಲ್ ಸತಿಗೇ ಊಂ ಅಂದ್ರೆ ಒಟ್ಟೆಬಾಕ ಅನ್ಕತಾರೆ ಅಂತಿದ್ದ.”

“ಓಟ್ಲಲ್ಲಿ ಯಾರವ್ವ ಮೂರ್ ಸತಿ ಕೇಳ್ತಾರೆ?”

“ಅವ್ರು ಕೇಳಾಕಿಲ್ಲ ಕಣಪ್ಪ. ನೀನಿದ್ದಲ್ಲ ಪಕ್ಕದಲ್ಲಿ.”

“ಆಗ್ಲೇ ಒಂದ್ ಮಾತು ಏಳ್ಬಾರ್ದಾಗಿತ್ತಾ?” ಅಂದೆ.

“ನಿಂಗೊತ್ತಿಲ್ಲ ಅಂತ ನಂಗೇನ್ಲಾ ಗೊತ್ತು? ಇದೇ ಮನೇಲ್ ಉಟ್ಟಿ ಬೆಳ್ದೋನು.”

ಗೊತ್ತಿಲ್ಲದೆ ಏನು? ನಮ್ಮ ಮನೆಗೆ ಬಂದ ನೆಂಟರು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಸಾರು ಬಿಡುವವನು ನಾನು. ಬೇಡ ಅನ್ನುವುದು ಮರ್ಯಾದೆ, ಬಡಿಸುವುದು ಅದಕ್ಕಿಂತ ದೊಡ್ಡ ಮರ್ಯಾದೆ ಎಂದು ಕಲಿಸಿದ್ದೂ ಅಪ್ಪನೇ. ಆದರೆ ಹೋಟೆಲಿನ ರೀತಿ ಬೇರೆ, ಅಲ್ಲಿ ಬೇಡ ಅಂದರೆ ಬೇಡ ಎಂದೇ ಅರ್ಥ ಅಂತ ನಾಲ್ಕು ಊರು ತಿರುಗಿ ನಾನು ಕಲಿತಿದ್ದೆ. ಅಪ್ಪನಿಗೆ ಎಲ್ಲಿ ಎಲೆ ಹಾಕಿದರೂ ಅದು ಒಬ್ಬರ ಮನೆ. ಅದಕ್ಕೇ ಸಪ್ಲೈಯರಿಗೆ ತಿಂಡಿ ಆಯಿತಾ ಅಂತ ಕೇಳುತ್ತಿದ್ದ, ಗಲ್ಲಾದವರನ್ನು ಊರಿಗೆ ಕರೆಯುತ್ತಿದ್ದ.

ನಾಗಮಂಗಲಕ್ಕೆ ಹೋದೆ. ಮಾಲೀಕರು ನನ್ನನ್ನು ನೋಡಿದವರೇ, “ಎಲ್ಲಿ, ನಿಮ್ಮಪ್ಪ ಬರ್ನೇ ಇಲ್ವಲ್ಲಾ?” ಅಂದರು. ಹೇಳಿದೆ. ಅವರು ಕಾವಲಿಯ ಮುಂದೆ ನಿಂತು ತಾವೇ ದೋಸೆ ಹುಯ್ದರು. ನಾನು ಎರಡು ಕೇಳಿದ್ದೆ. ಎಲೆಯಲ್ಲಿ ಇನ್ನೂ ಒಂದು ಇಟ್ಟರು. ಬೇಡ ಅಂದೆ. ಕೇಳಿಸಿಕೊಳ್ಳದವರ ಹಾಗೆ ಕಟ್ಟಿಕೊಟ್ಟರು.

ಮನೆಗೆ ಬರುವ ಹೊತ್ತಿಗೆ ದೋಸೆ ಮೆತ್ತಗಾಗಿತ್ತು. ದೀಪ ಹಚ್ಚಿ, ಬಾಡಿನ ಸಾರಿನ ಪಕ್ಕದಲ್ಲಿ ಒಂದು ದೋಸೆ ಇಟ್ಟೆ. ಎಲ್ಲರೂ ಹೊರಗೆ ಹೋಗಲು ಎದ್ದರು. ನಾನು ಕೈಯಲ್ಲಿ ಎರಡನೆಯದನ್ನು ಹಿಡಿದು ಎಲೆಯ ಮುಂದೆ ಬಗ್ಗಿ, “ಇನ್ನೊಂದ್ ಆಕ್ಲಾ ಅಪ್ಪ?” ಅಂದೆ. ಬ್ಯಾಡ ಅನ್ನಲು ಯಾರೂ ಇರಲಿಲ್ಲ. ಎಲೆಯ ಮೇಲೆ ಕೈಯೂ ಇರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅವ್ವ ಹಿಂದಿನಿಂದ ಅಂದಳು: “ಕೇಳ್ತಾ ನಿಂತ್ಕಬ್ಯಾಡ ಕಣ್ಲಾ. ಆಕು.”