ಮುಖವಿಲ್ಲದ ಬ್ರೌಸರೂ ಅತ್ತೆಯ ಕಿವಿಯೂ

ನಾನು ಕೆಲಸ ಮಾಡುವುದನ್ನು ಕಣ್ಣಾರೆ ನೋಡಿದವರು ಯಾರೂ ನಾನು ಕೆಲಸ ಮಾಡುತ್ತಿದ್ದೇನೆಂದು ನಂಬುವುದಿಲ್ಲ. ನಂಬುವಂತೆಯೂ ಇಲ್ಲ ಬಿಡಿ. ಕಪ್ಪು ಪರದೆ, ಅದರಲ್ಲಿ ಆಗೊಂದು ಈಗೊಂದು ಹಸಿರು ಸಾಲು, ಎದುರಿಗೆ ಕೈಕಟ್ಟಿ ಕೂತ ನಾನು.

ಸೀರೆ ಮಾರುವ ವೆಬ್‌ಸೈಟೊಂದನ್ನು ಪರೀಕ್ಷಿಸುವುದು ನನ್ನ ಉದ್ಯೋಗ. ಗಿರಾಕಿಯ ಹಾಗೆ ಒಳಗೆ ಹೋಗಿ, ಸೀರೆ ಆರಿಸಿ, ವಿಳಾಸ ತುಂಬಿ, ಕೊನೆಗೆ ಕೊಳ್ಳದೆ ಎದ್ದು ಬರಬೇಕು. ಅಷ್ಟನ್ನೂ ನಾನು ಬರೆದಿಟ್ಟ ಪ್ರೋಗ್ರಾಮು ಬ್ರೌಸರಿನ ಕೈಲಿ ಮಾಡಿಸುತ್ತದೆ. ನೋಡುವವರೇ ಇಲ್ಲದ ಮೇಲೆ ಬ್ರೌಸರಿಗೆ ಬಣ್ಣ ಬಳಿದುಕೊಂಡು ಪರದೆಗೆ ಬರುವ ಶ್ರಮವೇಕೆ? ಹಾಗಾಗಿ ಅದನ್ನು ಒಳಗೊಳಗೇ ಓಡಿಸುತ್ತೇವೆ; ಕೆಲಸ ಬೇಗ ಮುಗಿಯುತ್ತದೆ. ಹಿರಿಯರು ದೇವರನ್ನು ಸಗುಣ, ನಿರ್ಗುಣ ಎಂದು ಎರಡು ಬಗೆಯಲ್ಲಿ ನೆನೆದರಲ್ಲ, ಇದು ಎರಡನೆಯ ಬಗೆ. ನಿರಾಕಾರವನ್ನು ನಂಬುವುದು ಜ್ಞಾನಿಗಳಿಗೇ ಕಷ್ಟವಾಗಿರುವಾಗ ನಮ್ಮ ಅತ್ತೆಯನ್ನು ದೂರಿ ಏನು ಬಂತು?

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳಿವೆ. ಇಲ್ಲಿ ಕೆಲಸವೆಂದರೆ ಸದ್ದು. ದೇವನಹಳ್ಳಿಗೆ ಇಳಿಯುವ ವಿಮಾನದ ಗುಡುಗೂ ನಮಗೆ ಕೇಳಿಸುವುದಿಲ್ಲ. ಅತ್ತೆ ಮಗ್ಗದ ಕಡೆ ತಿರುಗಿಯೂ ನೋಡುವವರಲ್ಲ. ನಾಲ್ಕರಲ್ಲಿ ಒಂದು ನಿಂತರೆ ಸಾಕು, ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಲೇ, "ಗೋಡೆ ಕಡೇದು ನಿಂತೋಯ್ತು, ನೂಲು ಕಿತ್ತೋಗೈತೆ ನೋಡ್ರೀ" ಎಂದು ಮಾವನಿಗೆ ಕೂಗುತ್ತಾರೆ.

ಅಂಥವರು ಒಂದು ಮಧ್ಯಾಹ್ನ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ನಿಮ್ಮಾವ ಇನ್ನೊಂದು ಮಗ್ಗ ತರ್ತಾವ್ರೆ, ಇಲ್ಲೇ ಹಾಕೋಣ ಅಂತ. ಸುಮ್ನೆ ಕೂತ್ಕೊಳ್ಳೋಕೆ ನಿಂಗೆ ಹಾಲ್ ಸಾಕಲ್ವೇನಮ್ಮಾ?" ಎಂದರು.

ಬಾಗಿಲು ಮುಚ್ಚಿಕೊಂಡು ಆಫೀಸಿನವರ ಜೊತೆ ಫೋನಿನಲ್ಲಿ ಮಾತನಾಡಬಹುದಾದ ಕೋಣೆ ಅದೊಂದೇ. ಅದು ಹೋದರೆ ಕೆಲಸವೂ ಹೋದಂತೆ. ಅವಸರದಲ್ಲಿ ಬ್ರೌಸರನ್ನು ಪರದೆಗೆ ತಂದು ತೋರಿಸಿದೆ. ಅದು ತಾನೇ ಸೀರೆ ಆರಿಸಿತು, ತಾನೇ ವಿಳಾಸ ತುಂಬಿತು. ಅತ್ತೆ ಕಣ್ಣರಳಿಸಿ ನೋಡಿ, "ಎಲ್ಲಾ ಅದೇ ಮಾಡ್ಕೊಂತೈತಲ್ಲ, ಇನ್ನು ನಿಂಗೇನು ಕೆಲ್ಸ?" ಎಂದರು. ನಾನೇ ಕರೆತಂದ ಸಾಕ್ಷಿ ನನ್ನ ವಿರುದ್ಧ ನುಡಿದಿತ್ತು. ಮಗ್ಗವೂ ತಾನೇ ನೇಯುತ್ತದಲ್ಲ ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಸೊಸೆಯಾದವಳಿಗೆ ಅಷ್ಟು ವೇದಾಂತ ಇರಬೇಕು.

ಮರುದಿನ ಒಂದು ಉಪಾಯ ಮಾಡಿದೆ. ಪರೀಕ್ಷೆ ಓಡುವಷ್ಟು ಹೊತ್ತೂ ಲ್ಯಾಪ್‌ಟಾಪಿನಿಂದ ಟಕ್ ಟಕ್ ಎಂದು ಸದ್ದು ಬರಬೇಕು. ತಪ್ಪು ಸಿಕ್ಕಿ ಪರೀಕ್ಷೆ ನಿಂತರೆ ಸದ್ದೂ ನಿಲ್ಲಬೇಕು. ನಾಲ್ಕು ಮಗ್ಗಗಳ ಗದ್ದಲದಲ್ಲಿ ಇದು ಯಾರಿಗೆ ಕೇಳೀತು ಎಂದು ನನಗೇ ಅನುಮಾನವಿತ್ತು.

ಆಮೇಲೊಂದು ದಿನ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಅಡುಗೆಮನೆಯಿಂದ ಕೂಗು ಬಂತು. "ಲೇ, ನಿಂದು ನಿಂತೋಯ್ತು ಕಣೇ! ಎಲ್ಲೋ ಕಿತ್ತೋಗೈತೆ, ಓಡು!"

ಓಡಿದೆ. ನಿಜವಾಗಿಯೂ ಕಿತ್ತುಹೋಗಿತ್ತು, ಗಿರಾಕಿ ಪಿನ್‌ಕೋಡ್ ತುಂಬಿದರೆ ವೆಬ್‌ಸೈಟು ತೆಗೆದುಕೊಳ್ಳುತ್ತಿರಲಿಲ್ಲ. ತಪ್ಪು ಸಿಕ್ಕಿದ್ದಕ್ಕೆ ಅಷ್ಟು ಖುಷಿ ನನಗೆಂದೂ ಆಗಿರಲಿಲ್ಲ.

ಹೋದ ವಾರ ನೂಲಿನ ವ್ಯಾಪಾರಿ ಬಂದು, "ಈಗ ಮಗ್ಗ ಎಷ್ಟಮ್ಮಾ?" ಎಂದು ಮಗ್ಗಗಳ ಸದ್ದಿನ ಮೇಲೆ ಕೂಗಿ ಕೇಳಿದ್ದು ನನ್ನ ಕೋಣೆಗೂ ಕೇಳಿಸಿತು. ಹೊಸದು ಇನ್ನೂ ಬಂದಿರಲಿಲ್ಲ.

"ಐದು ಕಣಪ್ಪಾ," ಎಂದರು ಅತ್ತೆ. "ಹೊಸದು ಬಂದ್ರೆ ಆರು. ಅದಕ್ಕೆ ಹಿತ್ತಲಲ್ಲಿ ಶೀಟು ಹಾಕಿಸ್ತಾ ಇದೀವಿ."

ನಾನು ಕಪ್ಪು ಪರದೆಯ ಮುಂದೆ ಕೈಕಟ್ಟಿಕೊಂಡು ಇನ್ನಷ್ಟು ನೆಮ್ಮದಿಯಾಗಿ ಕೂತೆ.