ಅಲುಗಿದ ಚಿತ್ರದಲ್ಲಿ ವೈನಿ

ಇವತ್ತು ಬೆಳಿಗ್ಗೆ ಉಣಕಲ್ ಕೆರೆಯ ಉದ್ಯಾನದಲ್ಲಿ ಮಾಲಿ ಹುಲ್ಲಿಗೆ ನೀರು ಬಿಡುತ್ತಿದ್ದ. ಒದ್ದೆ ಹುಲ್ಲಿನ ವಾಸನೆ ಮೂಗಿಗೆ ತಾಗಿದ್ದೇ ತಡ, ನನಗೆ ನಗು ಬಂತು. ಕಾರಣ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ. ಅವರ ಕಥೆ ನಿಮಗೆ ಹೇಳಲೇಬೇಕು.

ಕ್ಯಾಮೆರಾ ಎದುರು ನಿಂತರೆ ವೈನಿಗೆ ನಗು ತಡೆಯಲಾಗುತ್ತಿರಲಿಲ್ಲ. ಮುಗುಳ್ನಗೆಯಲ್ಲ, ಭುಜ ಕುಣಿಯುವಂಥ ನಗು. ಮದುವೆಯ ಫೋಟೋದಲ್ಲಿ ಅಣ್ಣ ಕಂಬದಂತೆ ನಿಂತಿದ್ದಾನೆ. ಪಕ್ಕದಲ್ಲಿ ವೈನಿಯ ಮುಖ ಬರೀ ಮಸುಕು. ‘ಒಂದು ಗಳಿಗಿ ಸುಮ್ಮ ನಿಂದ್ರಾಕ ಆಗಲಿಲ್ಲೇನು ಈಕಿಗೆ?’ ಎಂದು ನಮ್ಮವ್ವ ಬಂದವರೆದುರೆಲ್ಲ ಹೇಳಿದಳು. ಅಂದಿನಿಂದ ಫೋಟೋ ಎಂದೊಡನೆ ವೈನಿ ಅಡುಗೆಮನೆ ಸೇರುತ್ತಿದ್ದರು. ಸ್ವಂತ ಮಗಳ ಮದುವೆಯ ಆಲ್ಬಮ್ಮಿನಲ್ಲೂ ಅವರ ಒಂದು ಕೈ ಮಾತ್ರ ಇದೆ, ಹೋಳಿಗೆ ಬಡಿಸುತ್ತ.

ನಾನು ಸಾಲೆಯ ನೌಕರಿಯಿಂದ ನಿವೃತ್ತಳಾದಾಗ ಕ್ಯಾಮೆರಾ ಕೊಂಡೆ. ನೆಟ್ಟಗೆ ಫೋಟೋ ತೆಗೆಯಲು ಬಾರದವರಿಗೆ ಇಂಪ್ರೆಷನಿಸ್ಟ್ ಶೈಲಿ ದೇವರೇ ಕೊಟ್ಟ ದಾರಿ. ಕ್ಯಾಮೆರಾದ ಕಣ್ಣನ್ನು ತುಸು ಹೆಚ್ಚು ಹೊತ್ತು ತೆರೆದಿಟ್ಟು, ಅಷ್ಟರಲ್ಲಿ ಕೈ ಆಡಿಸಬೇಕು. ಗಿಡ, ಹೂವು, ಮನುಷ್ಯರೆಲ್ಲ ಕುಂಚದಿಂದ ಬಳಿದ ಬಣ್ಣದಂತೆ ಹರಿಯುತ್ತಾರೆ. ಬಿಸಿಲೇರಿದರೆ ಎಲ್ಲ ಬೆಳ್ಳಗಾಗುತ್ತದೆ ಎಂದು ಒಂದು ನಸುಕಿನಲ್ಲೇ ವೈನಿಯನ್ನು ಉದ್ಯಾನಕ್ಕೆ ಎಳೆದುಕೊಂಡು ಹೋದೆ.

‘ನಾ ಒಲ್ಲೆವ್ವಾ. ನಿನ್ನ ಚಿತ್ರಾನೂ ಕೆಡಸ್ತೇನಿ.’

‘ಕೆಡಲಿ ಅಂತನ ತೆಗ್ಯಾಕತ್ತೇನ್ರಿ ವೈನಿ. ಬೇಕಾದಷ್ಟು ನಗ್ರಿ.’

ಹಾಗೆಂದದ್ದೇ ತಪ್ಪಾಯಿತು. ಹಳದಿ ಇಳಕಲ್ ಸೀರೆಯುಟ್ಟ ವೈನಿ ಹೂವಿನ ಮಡಿಯ ಪಕ್ಕ ಪರೀಕ್ಷೆಯ ಮೇಲ್ವಿಚಾರಕಿಯಂತೆ ನಿಂತುಬಿಟ್ಟರು.

‘ನಗಿ ಬರವಲ್ದು,’ ಎಂದರು ಸಣ್ಣ ದನಿಯಲ್ಲಿ. ‘ಇಷ್ಟು ವರ್ಷ ಹಿಡಕೊಂಡು ಹಿಡಕೊಂಡು ತೀರಿಹೋತೇನೋ.’

ಆ ಮಾತು ನನಗೆ ಚುಚ್ಚಿತು. ದೂರದಿಂದ ತೆಗೆಯೋಣವೆಂದು ಹಿಂದೆ ಹಿಂದೆ ಸರಿದೆ. ಮಾಲಿಯ ಪೈಪು ಕಾಲಿಗೆ ತೊಡರಿತು. ಒದ್ದೆ ಹುಲ್ಲಿನ ಮೇಲೆ ದೊಪ್ಪನೆ ಕೂತೆ; ಪೈಪು ಹಾವಿನಂತೆ ಎದ್ದು ನನ್ನ ಮುಖಕ್ಕೇ ನೀರು ಹೊಡೆಯಿತು. ವೈನಿಯ ಭುಜ ಒಮ್ಮೆ ಅಲುಗಿತು, ಮತ್ತೊಮ್ಮೆ ಅಲುಗಿತು, ಆಮೇಲೆ ನಿಲ್ಲಲೇ ಇಲ್ಲ. ನಾನು ಕೂತಲ್ಲಿಂದಲೇ ಗುಂಡಿ ಒತ್ತಿದೆ.

ಚಿತ್ರದಲ್ಲಿ ಕಣ್ಣಿಲ್ಲ, ಮೂಗಿಲ್ಲ. ಹಸಿರಿನ ನಡುವೆ ಹಳದಿಯೊಂದು ಬಳುಕಿ ವಾಲಿತ್ತು, ಕೆಂಪು ಸೆರಗು ಸುಳಿಸುಳಿಯಾಗಿ ಹಾರಿತ್ತು. ಮನೆಗೆ ಬಂದು, ಯಾರೆಂದು ಹೇಳದೆ ಅಣ್ಣನ ಮುಂದೆ ಹಿಡಿದೆ.

ಅವನು ಪೇಪರ್ ಮಡಿಸಿ ನೋಡಿದ. ‘ನಿಮ್ಮ ವೈನಿ. ಏನಾತು, ಭಾಳ ನಗಾಕತ್ತಾಳಲ್ಲ?’

‘ಮುಖಾನ ಇಲ್ಲ, ಹೆಂಗ ಗೊತ್ತಾತ್ರಿ?’ ಬಾಗಿಲಲ್ಲಿ ನಿಂತಿದ್ದ ವೈನಿ ಕೇಳಿದರು.

‘ನಕ್ರ ನೀ ಎಡಕ್ಕ ವಾಲ್ತಿ. ಮದಿವ್ಯಾಗ ನನ್ನ ಮ್ಯಾಲೇ ವಾಲಿದ್ಯಲ್ಲ,’ ಎಂದು ಅಣ್ಣ ಮತ್ತೆ ಪೇಪರ್ ಬಿಡಿಸಿದ. ವೈನಿ ಚಹಾ ತರುತ್ತೇನೆಂದು ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಇದೆಲ್ಲ ನೆನೆಯುತ್ತ ನಾನು ಇವತ್ತು ಹಾಗೇ ನಿಂತಿದ್ದೆ. ಈಗ ಕ್ಯಾಮೆರಾ ಇರುವುದು ವೈನಿಯ ಕೈಯಲ್ಲಿ. ಹೂವಿನ ಮಡಿಯಾಚೆಯಿಂದ ಗದರಿದರು: ‘ಗೂಟದಂಗ ನಿಂದ್ರಬ್ಯಾಡ, ಚೂರು ಕುಣಿ.’

ವಾಕಿಂಗ್ ಬಂದವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದರು. ನಾನು ಚಪ್ಪಲಿ ಕಳಚಿ ಬದಿಗಿಟ್ಟು ಕುಣಿದೆ.