ಎರಡು ಗೆರೆ ಮದ್ದು

ಪುತ್ತೂರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಇವತ್ತು ಕಂದು ಬಣ್ಣದ ಮದ್ದಿನ ಸೀಸೆಯೊಂದನ್ನು ಕಂಡೆ. ಅದರ ಮೈಮೇಲೆ ಅಂಟಿನ ಕಲೆ ಇನ್ನೂ ಇತ್ತು.

ನನ್ನ ಬಾಲ್ಯದಲ್ಲಿ ಬೆಳ್ಳಾರೆಯ ನಮ್ಮ ಡಾಕ್ಟರರು ತಮ್ಮ ಅಜ್ಜನ ಕಾಲದ ಇಂಥ ಸೀಸೆಗಳಲ್ಲೇ ಮದ್ದು ಕೊಡುತ್ತಿದ್ದರು. ಒಂದು ಹೊತ್ತಿಗೆ ಎಷ್ಟು ಕುಡಿಯಬೇಕೆಂದು ತಿಳಿಯಲು ಹೊರಗೆ ಗೆರೆ ಎಳೆದ ಕಾಗದದ ಪಟ್ಟಿ ಅಂಟಿಸಿರುತ್ತಿತ್ತು. ಸೀಸೆ ಪೂರ್ತಿ ಖಾಲಿಯಾದ ದಿನ, ಹಾಸಿಗೆ ಹಿಡಿದ ಅಮ್ಮ ಎದ್ದು ಬರುತ್ತಾಳೆಂದು ನಾನು ನಂಬಿದ್ದೆ.

ಅಮ್ಮ ತೀರಿಕೊಂಡ ಮೇಲೆ ಅಜ್ಜಿ ಆ ಸೀಸೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟರು.

"ಅಜ್ಜೀ, ಇನ್ನೂ ಎರಡು ಗೆರೆ ಮದ್ದು ಉಂಟಲ್ಲಾ!"

"ಸೀಸೆ ವಾಪಸು ಕೊಡ್ಬೇಕು ಮಗಾ. ಬೇರೆಯವರಿಗೆ ಬೇಕಾಗ್ತದೆ."

"ಮನಿ ಪ್ಲಾಂಟ್ ಇಡ್ಲಿಕ್ಕೆ ಚಂದ ಆಗ್ತದೆ ಮಾರಾಯ್ರೆ," ಎಂದ ಅಂಗಡಿಯವ, ನನ್ನ ಕೈಯಲ್ಲಿದ್ದ ಸೀಸೆ ನೋಡಿ.

ನಾನು ಸೀಸೆಯನ್ನು ಬೆಳಕಿಗೆ ಹಿಡಿದೆ. ಪೂರ್ತಿ ಖಾಲಿಯಾಗಿತ್ತು.